ಮೂರು ಮೊಳೆಯ ಮೇಷ್ಟ್ರು

ಮೇಷ್ಟ್ರು ಹೋದರೆಂದು ಹೇಳಲು ಅವರ ಮಗ ಪ್ರೆಸ್ಸಿಗೆ ಬಂದಾಗ ನಾನು ಮೊದಲು ಮಾಡಿದ ಕೆಲಸವೆಂದರೆ ನನ್ನ ನಾಡಿ ಹಿಡಿದು ನೋಡಿಕೊಂಡದ್ದು. ಇದು ನನ್ನ ಸ್ವಭಾವ. ಯಾರಿಗೆ ಏನಾದರೂ ಅದು ಸುತ್ತಿ ಬಳಸಿ ಕೊನೆಗೆ ನನ್ನ ಮನೆ ಬಾಗಿಲಿಗೇ ಬರುತ್ತದೆಂದು ನಂಬಿಕೊಂಡು ಅರ್ಧ ಆಯುಸ್ಸು ಕಳೆದಿದ್ದೇನೆ. ನಾಡಿ ಇತ್ತು. ಆಮೇಲೆ ದುಃಖವಾಯಿತು. ದುಃಖ ಇನ್ನೂ ಸರಿಯಾಗಿ ಕೂತಿರಲಿಲ್ಲ, ಅಷ್ಟರಲ್ಲಿ ಮಗನ ಕೈಯಲ್ಲಿದ್ದ ಕಾಗದ ಕಣ್ಣಿಗೆ ಬಿದ್ದು ಹೊಸ ಹೆದರಿಕೆ ಶುರುವಾಯಿತು. ಅದು ವೈಕುಂಠ ಸಮಾರಾಧನೆಯ ಕಾರ್ಡಿನ ಒಕ್ಕಣೆ. ಒಂದು ಕಡೆ ಕನ್ನಡದಲ್ಲಿ, ಇನ್ನೊಂದು ಕಡೆ ಇಂಗ್ಲಿಷಿನಲ್ಲಿ. ಇಂಗ್ಲಿಷಿನ ಪ್ರೂಫು ನೋಡಿ ತಪ್ಪು ತಿದ್ದುವವರು ಯಾರು? ನಮ್ಮ ಪ್ರೆಸ್ಸಿನಲ್ಲಿ ಆ ಕೆಲಸಕ್ಕೆ ಇದ್ದವರು ಒಬ್ಬರೇ. ಕಾರ್ಡು ಅವರದೇ.

ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಗುಟ್ಟೇನೂ ಇಲ್ಲ, ಅದಕ್ಕೆ ಅವರೇ ಹೇಳಿಕೊಟ್ಟ ಕಾರಣವಿದೆ. ಇಂಗ್ಲಿಷಿನಲ್ಲಿ ಹೆಸರಿದ್ದವರಿಗೆ 'ದಿ' ಹಾಕಕೂಡದಂತೆ. 'ಮೇಷ್ಟ್ರು' ಅಂದರೆ ಹಾಕಬಹುದು. ರಾಮಪ್ಪ, ಕೃಷ್ಣಪ್ಪ ಅಂದುಬಿಟ್ಟರೆ ಕಿತ್ತುಕೊಳ್ಳಬೇಕು. ಬದುಕಿದಷ್ಟು ದಿನ ಇಂಗ್ಲಿಷಿನ ಆ ಮೂರಕ್ಷರಕ್ಕಾಗಿ ಜಗಳವಾಡಿದ ಮನುಷ್ಯನಿಂದ ಅದನ್ನು ಕಿತ್ತುಕೊಳ್ಳಲು ನನಗೆ ಮನಸ್ಸಿಲ್ಲ. ಆದ್ದರಿಂದ ಮೇಷ್ಟ್ರು ಅಂತಲೇ ಇರಲಿ.

ಅವರು ಮಿಡಲ್ ಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಟ್ಟು ರಿಟೈರಾದವರು. ಜಯಲಕ್ಷ್ಮಿಪುರಂನಿಂದ ದಿನಾ ನಡೆದುಕೊಂಡು ದೇವರಾಜ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿದ್ದ ನಮ್ಮ ಪ್ರೆಸ್ಸಿಗೆ ಬರುತ್ತಿದ್ದರು. ಕಚ್ಚೆಪಂಚೆ, ಮುಚ್ಚುಕತ್ತಿನ ಕರಿ ಕೋಟು, ಜರಿ ಪೇಟ, ಕಂಕುಳಲ್ಲಿ ಕೊಡೆ. ಪೇಟದ ಮಡಿಕೆಯಲ್ಲಿ ಸಿಕ್ಕಿಸಿದ ಕೆಂಪು ಪೆನ್ಸಿಲು. ಕಿಟಕಿಯ ಪಕ್ಕದಲ್ಲಿ ಅವರದೊಂದು ಬೆತ್ತದ ಕುರ್ಚಿ. ಅದರ ನಡು ಜಗ್ಗಿಹೋಗಿ, ಕೂತವರು ಬಾವಿಗೆ ಇಳಿದಂತೆ ಕಾಣುತ್ತಿದ್ದರು. ಮೇಷ್ಟ್ರು ತಾವೇ ಕೆಂಪು ಮಾಡಿದ ಹಳೆಯ ಪ್ರೂಫು ಕಾಗದಗಳನ್ನು ಕಟ್ಟು ಕಟ್ಟಿ ಕೆಳಗಿಟ್ಟುಕೊಂಡು ಮೇಲಕ್ಕೆ ಬಂದಿದ್ದರು. ಬೇರೆಯವರ ತಪ್ಪಿನ ಮೇಲೆ ಕೂತು ಕೆಲಸ ಮಾಡುತ್ತೇನೆ ಎಂದು ಅವರೇ ಹೇಳಿಕೊಳ್ಳುತ್ತಿದ್ದರು.

ಅವರು ಪ್ರೂಫನ್ನು ಸಣ್ಣ ದನಿಯಲ್ಲಿ ಓದಿಕೊಳ್ಳುವರು. ಸರಾಗವಾಗಿ ಹೋಗುತ್ತಿದ್ದ ದನಿ ಥಟ್ಟನೆ ನಿಂತು, ಬರಿಗಾಲಿಗೆ ಕಲ್ಲು ತಗುಲಿದವರ ಹಾಗೆ 'ಸ್ಸ್' ಎಂಬ ಶಬ್ದ ಬಂದರೆ, ಎಲ್ಲೋ ಒಂದು 'ದಿ' ಬಿಟ್ಟುಹೋಗಿದೆ ಎಂದು ಅರ್ಥ. ಕೈ ಪೇಟಕ್ಕೆ ಹೋಗುತ್ತಿತ್ತು. ಬೇರೆ ತಪ್ಪುಗಳನ್ನೂ ತಿದ್ದುತ್ತಿದ್ದರು, ಆದರೆ ಅದು ಕಸ ಗುಡಿಸುವವರ ಹಾಗೆ, ಮುಖದಲ್ಲಿ ಭಾವನೆಯಿಲ್ಲದೆ. 'ದಿ'ಯ ವಿಷಯಕ್ಕೆ ಬಂದರೆ ಮಾತ್ರ ಅದು ಮಾನದ ಪ್ರಶ್ನೆ. ನಾಮಪದ ಬರಿತಲೆಯಲ್ಲಿ ಬೀದಿಗೆ ಬರಕೂಡದು ಎನ್ನುವರು. 'ಎ', 'ಆ್ಯನ್', 'ದಿ' ಎಲ್ಲ ಅದರ ಪೇಟ. ಯಾವ ತಲೆಗೆ ಯಾವ ಪೇಟ ಎಂದು ಗೊತ್ತಿರಬೇಕು, ಅಷ್ಟೆ.

ತಮ್ಮ ತಲೆಯ ವಿಷಯದಲ್ಲೂ ಅದೇ ನಿಯಮ. ಒಮ್ಮೆ ಭಾನುವಾರ ತುರ್ತಿನ ಪ್ರೂಫು ಹಿಡಿದು ಅವರ ಮನೆಗೆ ಹೋಗಿದ್ದೆ. ಬಾಗಿಲು ತೆರೆಯಿತು. ತೆಂಗಿನಕಾಯಿಯಷ್ಟು ನುಣುಪಾದ ತಲೆಯೊಂದು ಕಾಣಿಸಿತು, ಬಾಗಿಲು ಮುಚ್ಚಿತು. ಮನೆ ತಪ್ಪಿತೇನೋ ಎಂದು ಗಾಬರಿಯಾಗಿ ನಾನು ಗೇಟಿನವರೆಗೂ ಹಿಂದಕ್ಕೆ ಹೋದೆ. ಬಾಗಿಲು ಮತ್ತೆ ತೆರೆದಾಗ ಮೇಷ್ಟ್ರು ನಿಂತಿದ್ದರು. ಮೈಮೇಲೆ ಬನಿಯನ್ನೂ ಇರಲಿಲ್ಲ, ಬರೀ ಜನಿವಾರ. ತಲೆಯ ಮೇಲೆ ಪೂರ್ತಿ ಜರಿ ಪೇಟ. "ಬನ್ನಿ, ಈಗ ಬನ್ನಿ," ಎಂದರು.

ಮೇಷ್ಟ್ರಿಗೆ ನಮ್ಮ ಪ್ರೆಸ್ಸಿನಲ್ಲಿ ಒಬ್ಬ ವೈರಿಯಿದ್ದ. ಕಾಂಪೋಸಿಟರ್ ಚಿಕ್ಕಣ್ಣ. ಊರಾಚೆಯ ಹಳ್ಳಿಯವನು, ಒಕ್ಕಲು ಮನೆತನ. ಇಬ್ಬರು ಅಣ್ಣಂದಿರು ಹೊಲ ನೋಡಿಕೊಳ್ಳುತ್ತಾರೆ ಎಂದು ಇವನು ಪೇಟೆ ಸೇರಿ ಅಚ್ಚಿನ ಅಕ್ಷರಗಳ ಸೀಸದ ಮೊಳೆ ಜೋಡಿಸುವುದನ್ನು ಕಲಿತಿದ್ದ. ಇಂಗ್ಲಿಷ್ ಬರುತ್ತಿರಲಿಲ್ಲ. ಅಕ್ಷರಗಳ ಗುರುತು ಮಾತ್ರ ಗೊತ್ತು. ಅವನ ಪಾಲಿಗೆ 'ದಿ' ಎಂದರೆ ಮಾತೂ ಅಲ್ಲ, ಅರ್ಥವೂ ಅಲ್ಲ. ಮೂರು ಮೊಳೆ. ಹೊರಗಿನವರಿಗೆ ಇದರ ಕಷ್ಟ ಗೊತ್ತಾಗಲಿಕ್ಕಿಲ್ಲ. ಮೊಳೆಗಳನ್ನು ಒಂದೊಂದಾಗಿ ಸಾಲಿಗೆ ಬಿಗಿದು ಕೂರಿಸಿರುತ್ತಾರೆ. ನಡುವೆ ಮೂರು ತೂರಿಸಿದರೆ ಸಾಲಿನ ಕೊನೆಯ ಮಾತು ಕೆಳಗಿನ ಸಾಲಿಗೆ ಬೀಳುತ್ತದೆ, ಅದರ ಕೊನೆಯದು ಅದರ ಕೆಳಕ್ಕೆ. ಮೇಲೆ ಒಂದು 'ದಿ' ಹತ್ತಿಸಿದರೆ ಪ್ಯಾರಾದ ಕೊನೆಯವರೆಗೂ ಎಲ್ಲರೂ ಎದ್ದು ಪಕ್ಕಕ್ಕೆ ಸರಿದು ಕೂರಬೇಕು, ತುಂಬಿದ ಬಸ್ಸಿನಲ್ಲಿ ಒಬ್ಬ ದಪ್ಪನೆಯ ಮನುಷ್ಯ ಹತ್ತಿದ ಹಾಗೆ.

ಹೀಗಾಗಿ ದಿನಾ ಜಗಳ. ಚಿಕ್ಕಣ್ಣ ಮೊಳೆ ಜೋಡಿಸುವ ಕಡ್ಡಿಯನ್ನು ಕೈಯಲ್ಲೇ ಹಿಡಿದು ಬಂದು, ಇದಿಲ್ಲದಿದ್ದರೆ ಅರ್ಥ ಕೆಡುತ್ತದೆಯೇ ಎಂದು ಕೇಳುವನು. ಅರ್ಥ ಕೆಡುವುದಿಲ್ಲ, ಮರ್ಯಾದೆ ಕೆಡುತ್ತದೆ ಎಂದು ಮೇಷ್ಟ್ರು. ಕನ್ನಡಕ್ಕಿಲ್ಲದ ಮರ್ಯಾದೆ ಇಂಗ್ಲಿಷಿಗೇಕೆ ಎಂದು ಅವನು. ಸ್ವಾತಂತ್ರ್ಯ ಬಂದ ಹೊಸದು, ಒಂದು ದಿನ ಅವನು ಬಹಳ ಯೋಚನೆ ಮಾಡಿದವನ ಹಾಗೆ ಬಂದು, "ಇಂಗ್ಲಿಷ್ನೋರೇ ಗಂಟುಮೂಟೆ ಕಟ್ಕೊಂಡ್ ಒಂಟೋದ್ರಲ್ಲ ಮೇಷ್ಟ್ರೇ, ಇದೊಂದ್ನ ಯಾಕ್ ಬುಟ್ಟೋದ್ರು?" ಎಂದ.

"ಅವರು ಬಿಟ್ಟುಹೋಗಿದ್ದು ಹಾಗಿರಲಿ, ನೀನು ಬಿಟ್ಟುಹೋಗಬೇಡ," ಎಂದು ಮೇಷ್ಟ್ರು ಪ್ರೂಫನ್ನು ಅವನ ಕೈಗಿಟ್ಟರು.

ಜಗಳದ ನಡುವೆ ಪಾಠವೂ ನಡೆಯುತ್ತಿತ್ತು. ಚಿಕ್ಕಣ್ಣನಿಗೆ 'ದಿ' ತಿಳಿಸಿಯೇ ತೀರುತ್ತೇನೆ ಎಂದು ಮೇಷ್ಟ್ರು ಹಟ ತೊಟ್ಟಿದ್ದರು. ಬೀದಿಯಲ್ಲಿ ಒಂದು ನಾಯಿ ಬಂತು ಎಂದಿಟ್ಟುಕೋ, ಅದು ಯಾವುದೋ ನಾಯಿ, ಅದಕ್ಕೆ 'ಎ'. ಅದೇ ನಾಯಿ ನಿನ್ನನ್ನು ಕಚ್ಚಿತು. ಈಗ ಅದು ಯಾವುದೋ ನಾಯಿಯಲ್ಲ, ನಿನಗೆ ಗೊತ್ತಿರುವ ನಾಯಿ. ಈಗ 'ದಿ'. ಚಿಕ್ಕಣ್ಣ ಕೇಳಿಸಿಕೊಂಡು, ಹಾಗಾದರೆ ಕಚ್ಚುವ ತನಕ ಕಾಯಬೇಕೇ ಎಂದ. ಸೂರ್ಯ ಒಬ್ಬನೇ, ಚಂದ್ರ ಒಬ್ಬನೇ, ಅದಕ್ಕೇ ಅವರಿಗೆ 'ದಿ' ಎಂದರೆ, ತನಗೂ ಹೆಂಡತಿ ಒಬ್ಬಳೇ ಎಂದ. ಹೆಂಡತಿಗೆ 'ನನ್ನ' ಎಂದು ಹಾಕಿದ ಮೇಲೆ 'ದಿ' ಹಾಕುವಂತಿಲ್ಲ, ಒಂದು ತಲೆಗೆ ಒಂದೇ ಪೇಟ ಎಂದು ಮೇಷ್ಟ್ರು. ಚಿಕ್ಕಣ್ಣ ಹೋಗಿ ತನ್ನ ಜಾಗದಲ್ಲಿ ನಿಂತುಕೊಂಡು ನನ್ನ ಕಡೆ ತಿರುಗಿ, "ಈವಯ್ಯನ ತಲೇಲಿ ಇರೋದೆಲ್ಲ ಪೇಟವೇ ಕಣ್ರೀ," ಎಂದ. ಮೇಷ್ಟ್ರಿಗೆ ಕೇಳಿಸಿತು. ಕೇಳಿಸಲಿಲ್ಲವೆಂಬಂತೆ ಇದ್ದರು. ಆದರೆ ಪೆನ್ಸಿಲು ತೆಗೆಯುವ ನೆಪದಲ್ಲಿ ಪೇಟ ಸರಿಯಾಗಿದೆಯೇ ಎಂದು ಮುಟ್ಟಿ ನೋಡಿಕೊಂಡರು.

ನಾನು ಮ್ಯಾನೇಜರು. ಎಂದರೆ ಮೇಲಿನವರ ಬೈಗುಳವನ್ನು ಕೆಳಗಿನವರಿಗೆ, ಕೆಳಗಿನವರ ಬೈಗುಳವನ್ನು ಮೇಲಿನವರಿಗೆ ಸ್ವಲ್ಪ ನೀರು ಬೆರೆಸಿ ತಲುಪಿಸುವವನು. ಯಜಮಾನರು ಒಳ್ಳೆಯವರೇ, ಆದರೆ ಗಡಿಯಾರದ ಮನುಷ್ಯ. ಯಾದವಗಿರಿಯಲ್ಲಿ ಹೊಸದಾಗಿ ಬಂಗಲೆ ಕಟ್ಟಿಸಿದ್ದರು. ಪ್ರತಿ ಕೋಣೆಯಲ್ಲೂ ಒಂದೊಂದು ಗಡಿಯಾರ. ಮೇಷ್ಟ್ರ ಪೆನ್ಸಿಲಿನಿಂದ ಕೆಲಸ ತಡವಾಗುತ್ತದೆ ಎಂಬುದು ಅವರ ದೂರು. ಒಂದು ಹೋಟೆಲಿನ ತಿಂಡಿಪಟ್ಟಿಯನ್ನು ಮೇಷ್ಟ್ರು ಮೂರು ಸಲ ಹಿಂದಕ್ಕೆ ಕಳಿಸಿದಾಗ, ದೋಸೆಗೆ ಆ ಯೋಗ್ಯತೆಯಿದೆಯೇ ಎಂದು ಯಜಮಾನರು ನನ್ನನ್ನು ಕೇಳಿದರು. ನಾನು ಗೊತ್ತಿಲ್ಲ ಎಂದೆ. ಇನ್ನೊಂದು ಸಲ ಹೀಗಾದರೆ ಆ ಕುರ್ಚಿ ಖಾಲಿ ಮಾಡಿಸುತ್ತೇನೆ, ನೀವೇ ಹೇಳಬೇಕು, ಎಂದರು. 'ನೀವೇ' ಎಂಬ ಮಾತಿಗೆ ನನಗೆ ಎರಡು ದಿನ ಊಟ ಸೇರಲಿಲ್ಲ.

ಆ ಕುರ್ಚಿ ಮೇಷ್ಟ್ರಿಗೆ ಎಷ್ಟು ಬೇಕಾಗಿತ್ತು ಎಂಬುದು ನನಗೆ ಗೊತ್ತಿತ್ತು. ಮನೆಯಲ್ಲಿ ಕೊರತೆಯೇನೂ ಇರಲಿಲ್ಲ. ಮಗ ಸಂಪಾದಿಸುತ್ತಿದ್ದ, ಸೊಸೆ ಹೊತ್ತುಹೊತ್ತಿಗೆ ಕಾಫಿ ಕೊಡುತ್ತಿದ್ದಳು. ಅದೇ ತೊಂದರೆ, ಅಲ್ಲಿ ತಿದ್ದುವುದಕ್ಕೇನೂ ಇರಲಿಲ್ಲ. ರಿಟೈರಾದ ಹೊಸದರ ಮಾತನ್ನು ಒಮ್ಮೆ ಅವರಾಗಿಯೇ ಹೇಳಿದ್ದರು: "ಬೆಳಿಗ್ಗೆ ಎದ್ದು ಅಭ್ಯಾಸಬಲದಿಂದ ಪೇಟ ಕಟ್ಟಿಬಿಡುತ್ತಿದ್ದೆ. ಎಲ್ಲಿಗೆ ಹೋಗುವುದು? ಸ್ವಲ್ಪ ಹೊತ್ತು ಹಜಾರದಲ್ಲಿ ಕೂತಿದ್ದು, ಮತ್ತೆ ಬಿಚ್ಚಿಡುತ್ತಿದ್ದೆ." ಹೇಳಿ ನಕ್ಕರು. ನನಗೆ ನಗು ಬರಲಿಲ್ಲ. ನನಗೂ ಒಂದು ದಿನ ರಿಟೈರಾಗುವುದಿದೆ, ಕಟ್ಟಲು ಪೇಟ ಕೂಡ ಇಲ್ಲ ಎಂದು ಯೋಚನೆಗಿಟ್ಟುಕೊಂಡಿತು.

ಹೀಗಿರುವಾಗ ಬಂದದ್ದು ರೇಷ್ಮೆ ಬಟ್ಟೆಯ ಕೆಲಸ.

ಆಗೆಲ್ಲ ದೊಡ್ಡವರಿಗೆ ಬಿನ್ನವತ್ತಳೆ ಕೊಡುವಾಗ ಅದನ್ನು ರೇಷ್ಮೆಯ ಮೇಲೆ ಅಚ್ಚು ಹಾಕಿಸುವುದು ಪದ್ಧತಿ. ಯಾರೋ ದೊಡ್ಡ ಅಧಿಕಾರಿಗೆ ಸನ್ಮಾನ. ಸ್ವಾಗತ ಸಮಿತಿಯ ಕಾರ್ಯದರ್ಶಿ ಕೆನೆಬಣ್ಣದ ರೇಷ್ಮೆಯನ್ನು ಮಗುವಿನ ಹಾಗೆ ಎದೆಗಪ್ಪಿಕೊಂಡು ಬಂದರು. ಸಂಜೆಯೇ ಸಭೆ. ಬಟ್ಟೆ ಒಂದೇ, ಒಂದು ಸಲ ಒತ್ತಿದರೆ ಮುಗಿಯಿತು. ಇಂಗ್ಲಿಷು ಅವರೇ ಬರೆದದ್ದು, ವಿಶೇಷಣಗಳು ಹೇರಳವಾಗಿದ್ದವು. 'ದಿ' ಮಾತ್ರ ಬಹಳ ಕಡಿಮೆ. ಯಜಮಾನರ ಮಗಳ ಮದುವೆ ಹತ್ತಿರವಾಗಿದ್ದರಿಂದ ಅವರು ಮನೆಯಲ್ಲೇ ಇದ್ದರು. ಅಲ್ಲಿಂದಲೇ ಹೇಳಿಕಳಿಸಿದರು: ಮಧ್ಯಾಹ್ನದೊಳಗೆ ಬಟ್ಟೆ ಹೊರಬೀಳಬೇಕು. ಮೇಷ್ಟ್ರಿಂದ ತಡವಾದರೆ ನಾಳೆಯಿಂದ ಅವರು ಬರುವುದು ಬೇಡ.

ನಾನು ಇದನ್ನು ಮೇಷ್ಟ್ರಿಗೆ ಹೇಳಲೇಬೇಕಾಯಿತು. ಎಷ್ಟು ನೀರು ಬೆರೆಸಿದರೂ ಅದು ನೀರಾಗಲಿಲ್ಲ. ಅವರು ತಲೆಯಾಡಿಸಿ, ಪ್ರೂಫು ಕೊಡಿ ಎಂದರು. ಓದಿದರು. 'ಸ್ಸ್' ಶಬ್ದ ಕುಕ್ಕರು ಇಟ್ಟ ಹಾಗೆ ಬರತೊಡಗಿತು. ಬೆಂಚಿನ ಮೇಲೆ ಕೂತಿದ್ದ ಕಾರ್ಯದರ್ಶಿ ಪ್ರತಿ ಸಲವೂ ಬೆಚ್ಚುತ್ತಿದ್ದರು.

ಆದರೆ ಅಂದು ಚಿಕ್ಕಣ್ಣ ಜಗಳವಾಡಲಿಲ್ಲ. ಬಂದು ಬರಿಗೈ ತೋರಿಸಿದ. ಆ ಕೆಲಸಕ್ಕೆ ಹಾಕಿದ್ದು ನಮ್ಮಲ್ಲಿದ್ದ ಅಲಂಕಾರದ ದೊಡ್ಡ ಅಕ್ಷರ. ಮದರಾಸಿನಿಂದ ಸೆಕೆಂಡ್‌ಹ್ಯಾಂಡಿನಲ್ಲಿ ತರಿಸಿದ್ದು, ಅದರಲ್ಲಿ ಒಂದೊಂದು ಅಕ್ಷರಕ್ಕೂ ಮೊಳೆ ಲೆಕ್ಕವಾಗಿ ಇದ್ದವು. 'ದಿ'ಯ ನಡುವೆ ಬರುವ 'ಎಚ್' ಮುಗಿದುಹೋಗಿತ್ತು. ಮೇಷ್ಟ್ರು ಕೇಳಿದ 'ದಿ'ಗಳಲ್ಲಿ ಕೆಲವಕ್ಕೆ ಮಾತ್ರ ಆಗುತ್ತದೆ, ಉಳಿದವಕ್ಕೆ ಇಲ್ಲ.

ಅಕ್ಕಿ ಸಕ್ಕರೆಗೆ ರೇಷನ್ ಕಾರ್ಡು ಹಿಡಿದು ಕ್ಯೂ ನಿಂತ ಕಾಲ ಅದು. ಮೇಷ್ಟ್ರು 'ದಿ'ಯನ್ನೂ ರೇಷನ್ನಿನಲ್ಲಿ ಹಂಚಲು ಕೂತರು. ಪೇಟ ತೆಗೆದು ಮೊಣಕಾಲಿನ ಮೇಲಿಟ್ಟುಕೊಂಡರು. ಅವರು ಪ್ರೆಸ್ಸಿನಲ್ಲಿ ಪೇಟ ತೆಗೆದದ್ದನ್ನು ನಾನು ಕಂಡದ್ದು ಅದೊಂದೇ ಸಲ. ಈ ಸಾಲಿನದನ್ನು ಬಿಡಬಹುದೇ? ಬಿಡಬಹುದು. ಮನಸ್ಸಿಲ್ಲದೆ ಅಳಿಸಿದರು. ಕಾರ್ಯದರ್ಶಿ ಬಗ್ಗಿ ನೋಡಿ, ಇರುವುದನ್ನೆಲ್ಲ ಅಧಿಕಾರಿಗಳ ಹೆಸರಿನ ಹಿಂದೆಯೇ ಹಾಕಿಬಿಡಿ, ಗೌರವವಾಗಿರುತ್ತದೆ ಎಂದರು. ಮೇಷ್ಟ್ರು ಪೆನ್ಸಿಲನ್ನು ಮುಂದಿನ ಸಾಲಿಗೆ ಒಯ್ದರು. ಹಂಚಿ ಹಂಚಿ ಕೊನೆಗೆ ಒಂದು ಕಡೆ ಬಂದು ನಿಂತರು. ಇನ್ನು ಬಿಡುವಂಥದು ಒಂದೂ ಇರಲಿಲ್ಲ, ಮೊಳೆಯೂ ಇರಲಿಲ್ಲ. ಪ್ರೂಫನ್ನು ಮಡಿಸಿ ನನ್ನ ಮೇಜಿನ ಮೇಲಿಟ್ಟರು.

"ಇದಕ್ಕೆ ಸಹಿ ಹಾಕಲಾರೆ ಮ್ಯಾನೇಜರೇ. ಹೀಗೇ ಅಚ್ಚಾಗಲಿ, ನಿಮ್ಮ ತಪ್ಪಿಲ್ಲ. ನಾನು ನಾಳೆಯಿಂದ ಬರುವುದಿಲ್ಲ ಅಂತ ಯಜಮಾನರಿಗೆ ಹೇಳಿಬಿಡಿ," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಕಿಟಕಿಯ ಕಡೆ ತಿರುಗಿ ಪೇಟದ ಧೂಳು ಕೊಡವತೊಡಗಿದರು.

ಇಂಥ ಸಮಯದಲ್ಲಿ ಮ್ಯಾನೇಜರಾದವನು ಏನಾದರೂ ಮಾಡಬೇಕು. ನಾನು ಎದೆ ಹಿಡಿದುಕೊಂಡು ಎದುರು ಹೋಟೆಲಿಗೆ ಕಾಫಿಗೆ ಹೋದೆ. ಎರಡು ಲೋಟ ಕುಡಿದೆ. ಹಿಂದಿರುಗಿದಾಗ ಅಚ್ಚು ಒತ್ತುವ ಟ್ರೆಡಲ್ ಮೆಷಿನ್ನು ಓಡುವ ಶಬ್ದ ಬೀದಿಗೆ ಕೇಳಿಸುತ್ತಿತ್ತು. ರೇಷ್ಮೆ ಅಚ್ಚಾಗಿ ಹಗ್ಗದ ಮೇಲೆ ತೂಗುತ್ತಿದೆ. ಪ್ರೂಫಿನ ಮೂಲೆಯಲ್ಲಿ ಮೇಷ್ಟ್ರ ಸಹಿ. ಪೇಟ ತಲೆಯ ಮೇಲೆ. ಒಂದಲ್ಲ, ಕೇಳಿದಷ್ಟೂ 'ದಿ'ಗಳು ತಮ್ಮ ತಮ್ಮ ಜಾಗದಲ್ಲಿ ಕೂತಿದ್ದವು. ಮೊಳೆ ಎಲ್ಲಿಂದ ಬಂತು ಎಂದು ಚಿಕ್ಕಣ್ಣನನ್ನು ಕೇಳಿದೆ.

"ಎಲ್ಲೋ ಸಿಕ್ಕುದ್ವು ಬುಡಿ ಸ್ವಾಮಿ," ಎಂದ.

ಮಸಿ ಇನ್ನೂ ಹಸಿಯಾಗಿತ್ತು. ಬಟ್ಟೆಯನ್ನು ಮಡಿಸುವಂತಿಲ್ಲ. ಚಿಕ್ಕಣ್ಣ ಎರಡು ತುದಿ ಹಿಡಿದ, ಕಾರ್ಯದರ್ಶಿ ಎರಡು ತುದಿ ಹಿಡಿದರು. ಇಬ್ಬರೂ ಸೀರೆ ಒಣಗಿಸುವ ಹೆಂಗಸರ ಹಾಗೆ ಅದನ್ನು ಅಗಲಿಸಿಕೊಂಡು ಸಯ್ಯಾಜಿರಾವ್ ರಸ್ತೆಗುಂಟ ನಡೆದರು. ಒಂದು ಜಟಕಾ ಕುದುರೆ ಅದನ್ನು ಮೂಸಲು ಬಂತಂತೆ.

ಅವರು ಅತ್ತ ಹೋದದ್ದೇ ತಡ, ಯಜಮಾನರು ಇತ್ತ ಯಾದವಗಿರಿಯಿಂದ ಬಂದರು. ಜೋಯಿಸರು ಆ ದಿನ ಸಂಜೆಯ ಮುಹೂರ್ತ ಚೆನ್ನಾಗಿದೆ, ಮೊದಲ ಲಗ್ನಪತ್ರಿಕೆಯನ್ನು ದೇವರ ಮುಂದೆ ಇಟ್ಟುಬಿಡಿ ಎಂದಿದ್ದರಂತೆ. ನೆಂಟರಿಗೆ ಕನ್ನಡದ ಕಾರ್ಡು ಹಿಂದೆಯೇ ಆಗಿತ್ತು. ದೊಡ್ಡ ಮನುಷ್ಯರಿಗಾಗಿ ಇಂಗ್ಲಿಷಿನದನ್ನು ಅದೇ ಅಲಂಕಾರದ ಅಕ್ಷರದಲ್ಲಿ ಜೋಡಿಸಿ, ಮೇಷ್ಟ್ರು ನೋಡಿ ಸಹಿ ಹಾಕಿ, ಜೋಡಿಸಿದ ಮೊಳೆಗಳಿಗೆ ದಾರ ಸುತ್ತಿ, ಅವನ್ನು ಇಡುವ ಕಲ್ಲಿನ ಮೇಲೆ ಇಟ್ಟಿದ್ದರು. ಮೇಷ್ಟ್ರು ಆಗಲೇ ಮನೆಗೆ ಹೋಗಿದ್ದರು. ಪ್ರೂಫು ಆಗಿರುವುದಕ್ಕೆ ಮತ್ತೇನು ನೋಡುವುದು? ಯಜಮಾನರು ಎದುರಿಗೇ ನಿಂತು ಮೆಷಿನ್ನಿಗೆ ಹಾಕಿಸಿದರು. ಒಂದು ಕಾರ್ಡಿನ ಜೊತೆಗೆ ಎಲ್ಲವೂ ಆಗಿಹೋಗಲಿ ಎಂದರು. ಎಲ್ಲವೂ ಆಗಿಹೋದವು.

ಚಿಕ್ಕಣ್ಣ ಬಂದವನು ಕಾರ್ಡಿನ ರಾಶಿ ನೋಡಿ, ಅಲ್ಲೇ ಕಾಗದದ ರೀಮಿನ ಮೇಲೆ ಕುಸಿದು ಕೂತ. ಆಗ ನನಗೆ ತಿಳಿಯಿತು. ಅವನು ಯಜಮಾನರ ಮಗಳ ಲಗ್ನಪತ್ರಿಕೆಯಿಂದ 'ದಿ'ಗಳನ್ನು ಕಿತ್ತು ರೇಷ್ಮೆಗೆ ಹಾಕಿದ್ದ. ಸಾಲು ಸಡಿಲವಾಗದಿರಲೆಂದು ಆ ಜಾಗಕ್ಕೆ ಅಕ್ಷರವಿಲ್ಲದ ಬೋಳು ತುಂಡುಗಳನ್ನು ತುಂಬಿದ್ದ. ಸಂಜೆ ಬಂದು ವಾಪಸು ಕೂರಿಸಿದರಾಯಿತು ಎಂಬುದು ಅವನ ಲೆಕ್ಕ. ಜೋಯಿಸರ ಲೆಕ್ಕ ಬೇರೆಯಾಗಿತ್ತು. ಕಾರ್ಡಿನ ತುಂಬ ಹಲ್ಲುಬಿದ್ದ ಬಾಯಿಯ ಹಾಗೆ ಅಲ್ಲಲ್ಲಿ ಬಿಳಿ ಜಾಗ.

ಯಜಮಾನರಿಗೆ ಇಂಗ್ಲಿಷು ಅಷ್ಟಾಗಿ ಬರುತ್ತಿರಲಿಲ್ಲ. ಅಲ್ಲಲ್ಲಿ ಬಿಟ್ಟ ಜಾಗ ನೋಡಿ, ಗಾಳಿಯಾಡುವ ಹಾಗೆ ಚೆನ್ನಾಗಿ ಜೋಡಿಸಿದ್ದೀಯ ಎಂದು ಚಿಕ್ಕಣ್ಣನನ್ನು ಹೊಗಳಿದರು. ಆದರೆ ಕಾರ್ಡು ಹೋಗುವುದು ಇಂಗ್ಲಿಷು ಬಲ್ಲವರ ಮನೆಗೆ. ಒಬ್ಬರಲ್ಲ ಒಬ್ಬರು ಕೇಳಿಯೇ ಕೇಳುತ್ತಾರೆ. ಕೇಳಿದರೆ ಯಜಮಾನರು ಹಿಡಿಯುವುದು ಪ್ರೂಫು ನೋಡಿದವರನ್ನು, ಕುರ್ಚಿ ಹೋಯಿತು. ಮೇಷ್ಟ್ರು ತಪ್ಪಿಸಿಕೊಳ್ಳಬೇಕಾದರೆ ಸಹಿ ಹಾಕಿದ ಪ್ರೂಫು ತೋರಿಸಬೇಕು. ಆಗ ಚಿಕ್ಕಣ್ಣ ಹೋದ. ಅವರು ತೋರಿಸಿಯೇ ತೋರಿಸುತ್ತಾರೆ ಎಂದುಕೊಂಡೆ ನಾನು. ದೋಸೆಯ ವಿಷಯದಲ್ಲೇ ಬಿಡದವರು.

ಮರುದಿನ ಬೆಳಿಗ್ಗೆ ಮೇಷ್ಟ್ರು ಬಂದು, ಕೊಡೆ ಮೂಲೆಗಿಟ್ಟು, ರಾಶಿಯಿಂದ ಒಂದು ಕಾರ್ಡು ಎತ್ತಿಕೊಂಡರು. 'ಸ್ಸ್' ಎನ್ನಲಿಲ್ಲ. ಅದನ್ನು ಬೆಳಕಿಗೆ ಹಿಡಿದರು. ಬಿಳಿ ಜಾಗದ ಮೇಲೆ ಬೆರಳಿಟ್ಟು ಅಳೆದರು. ಆಮೇಲೆ ಚಿಕ್ಕಣ್ಣನ ಕಡೆ ನೋಡಿದರು. ಅವನು ಬೆನ್ನು ತಿರುಗಿಸಿ, ಕೈಯಲ್ಲಿ ಒಂದು ಮೊಳೆಯೂ ಇಲ್ಲದೆ, ಬಹಳ ಶ್ರದ್ಧೆಯಿಂದ ಜೋಡಿಸುತ್ತಿದ್ದ. ರೇಷ್ಮೆಯ 'ದಿ' ಎಲ್ಲಿಂದ ಬಂದವು ಎಂಬುದು ಅವರಿಗೆ ತಿಳಿಯಿತೆಂದು ನನಗೆ ತಿಳಿಯಿತು. ಅಷ್ಟರಲ್ಲಿ ಯಜಮಾನರು ಒಳಗೆ ಬಂದರು.

"ಹೇಗಿದೆ ಮೇಷ್ಟ್ರೇ, ನಮ್ಮ ಮನೆ ಕಾರ್ಡು?"

ನಾನು ಕಣ್ಣು ಮುಚ್ಚಿಕೊಂಡೆ. ಮೇಷ್ಟ್ರು ಗಂಟಲು ಸರಿಮಾಡಿಕೊಂಡದ್ದು ಕೇಳಿಸಿತು.

"ಕಾರ್ಡು ಇರಲಿ ಸ್ವಾಮಿ. ಲಕೋಟೆ ಮೇಲೆ ವಿಳಾಸ ಯಾರು ಬರೆಯುತ್ತಾರೆ? ಆ ಕೆಲಸ ನನಗೆ ಬಿಡಿ. ಮನೆಗೆ ತೆಗೆದುಕೊಂಡು ಹೋಗಿ ಬರೆದು, ಅಂಟಿಸಿಯೇ ಕೊಡುತ್ತೇನೆ. ಮದುವೆಗೆ ನನ್ನದೊಂದು ಉಡುಗೊರೆ ಎಂದುಕೊಳ್ಳಿ."

ಮೇಷ್ಟ್ರ ಕೈಬರಹ ಎಂದರೆ ಊರಿಗೇ ಹೆಸರು. ಅಚ್ಚಿನ ಅಕ್ಷರ ನಾಚುವಂಥದು. ಯಜಮಾನರು ಸಂತೋಷದಿಂದ ಉಬ್ಬಿಹೋಗಿ ತಮ್ಮ ಖರ್ಚಿನಲ್ಲೇ ಜಟಕಾ ಮಾಡಿಸಿದರು. ಕಾರ್ಡು, ಲಕೋಟೆ, ಮೇಷ್ಟ್ರು, ಕೊಡೆ ಎಲ್ಲ ಜಯಲಕ್ಷ್ಮಿಪುರಂಗೆ ಹೋದವು.

ಮೇಷ್ಟ್ರು ಹಲವು ದಿನ ಪ್ರೆಸ್ಸಿಗೆ ಬರಲಿಲ್ಲ. ಖಾಲಿ ಕುರ್ಚಿಯ ಕಡೆ ನೋಡದೆ ಕೆಲಸ ಮಾಡಲು ನಾನು ಮೇಜನ್ನೇ ತಿರುಗಿಸಿ ಹಾಕಿಕೊಂಡೆ. ಚಿಕ್ಕಣ್ಣ ಒಂದು ಭಿತ್ತಿಪತ್ರ ಜೋಡಿಸಿ ಪ್ರೂಫು ಹಿಡಿದು ಕುರ್ಚಿಯವರೆಗೂ ಹೋಗಿ, ಅಲ್ಲಿ ಯಾರೂ ಇಲ್ಲದ್ದು ಕಂಡು ವಾಪಸು ಬಂದ. "ಜಗಳಾನೇ ಇಲ್ದೆ ಕೈಯೇ ಓಡಾಕಿಲ್ಲ ಕಣ್ರೀ," ಎಂದ. ಕೊನೆಗೆ ಒಂದು ದಿನ ಮೇಷ್ಟ್ರು ಜಟಕಾದಿಂದ ಇಳಿದರು. ಕಣ್ಣು ಕೆಂಪಾಗಿದ್ದವು. ಬೆರಳೆಲ್ಲ ಮಸಿ. ಎಲ್ಲ ಲಕೋಟೆಗಳಿಗೂ ವಿಳಾಸ ಬರೆದು ಗೋಂದು ಹಾಕಿ ಮುಚ್ಚಿದ್ದರು.

ಮ್ಯಾನೇಜರೆಂದು ನನಗೂ ಒಂದು ಇಂಗ್ಲಿಷಿನದೇ ಬಂತು. ಲಕೋಟೆಯನ್ನು ಮನೆಗೆ ಹೋಗಿ, ಕೈಕಾಲು ತೊಳೆದು, ದೇವರಿಗೆ ನಮಸ್ಕಾರ ಮಾಡಿ ಒಡೆದೆ. ಕಾರ್ಡಿನಲ್ಲಿ ಒಂದೂ ಬಿಳಿ ಜಾಗವಿರಲಿಲ್ಲ. ಎಲ್ಲ 'ದಿ'ಗಳೂ ಇದ್ದವು, ಅದೇ ಅಲಂಕಾರದ ಅಕ್ಷರದಲ್ಲಿ, ಅದೇ ಬಾಲ, ಅದೇ ಬಳ್ಳಿ. ಎಲ್ಲಿಂದ ಬಂದವು? ಪ್ರೆಸ್ಸಿನಲ್ಲಿ ಕಂಡದ್ದು ನನ್ನ ಕಣ್ಣಿನ ದೋಷವೇ? ಹೆಂಡತಿಯನ್ನು ಕರೆದು, ಇಲ್ಲಿ ಏನಾದರೂ ಕಾಣುತ್ತದೆಯೇ ನೋಡು ಎಂದೆ. ಅವಳು ನೋಡಿ, ಹಣೆ ಮುಟ್ಟಿ, ಜ್ವರವಿಲ್ಲ ಎಂದಳು.

ಮದುವೆಯ ದಿನ ನಾನು ಕಾರ್ಡನ್ನು ಕೈಯಲ್ಲೇ ಹಿಡಿದುಕೊಂಡು ಹೋದೆ. ಬೇರೆ ಯಾರ ಮದುವೆಗೋ ನುಗ್ಗಿಬಿಟ್ಟರೆ, ಛತ್ರದ ಹೆಸರು ಒಮ್ಮೆ ನೋಡಿಕೊಳ್ಳಲು ಬೇಕಾಗುತ್ತದೆ. ಯಜಮಾನರ ಮಗಳನ್ನು ಅವಳು ಹುಟ್ಟಿದಾಗಿನಿಂದ ಬಲ್ಲೆ; ಆದರೂ ಧೈರ್ಯ ಸಾಲದು. ಬಾಗಿಲಲ್ಲಿ ಹೆಣ್ಣುಮಗುವೊಂದು ಬೆಳ್ಳಿಯ ಪನ್ನೀರುದಾನಿ ಹಿಡಿದು ನಿಂತಿತ್ತು. ನನ್ನ ಮೇಲೆ ವಿಶೇಷ ಅಕ್ಕರೆಯಿಂದ ಅಲ್ಲಾಡಿಸಿತು. ಕಾರ್ಡಿನ ಮೇಲೆ ದಪ್ಪ ಹನಿಗಳು ಬಿದ್ದವು. ಒರೆಸಿದೆ. ಒರೆಸಿದ ಕಡೆ ಮೂರಕ್ಷರ ಕದಡಿ, ನೀಲಿಗಪ್ಪಾಗಿ ಹರಿಯತೊಡಗಿದವು. ಅದರ ಆಚೆ ಈಚೆಯ ಅಕ್ಷರಗಳು ಅಲುಗಾಡಲಿಲ್ಲ. ಅವು ಪ್ರೆಸ್ಸಿನ ಮಸಿ. ಇದು ಪೆನ್ನಿನ ಇಂಕು.

ಒಂದೊಂದು ಕಾರ್ಡಿಗೂ, ಒಂದೊಂದು ಜಾಗಕ್ಕೂ, ಅಷ್ಟು ದಿನವೂ ಕೂತು ಕೈಯಲ್ಲಿ ಬರೆದಿದ್ದರು.

"ಏನ್ರೀ ಅದು ಕೈಯಲ್ಲಿ?" ಯಜಮಾನರು ಜರತಾರಿ ಪಂಚೆಯಲ್ಲಿ ಎದುರಿಗೇ ಬರುತ್ತಿದ್ದರು. ನಾನು ಏನೂ ಇಲ್ಲ ಎಂದು ಕಾರ್ಡನ್ನು ಹೊಸ ಬಿಳಿ ಷರಟಿನ ಜೇಬಿಗೆ ತುರುಕಿದೆ. ಎದೆಯ ಮೇಲೆ ನೀಲಿ ಕಲೆ ನಿಧಾನವಾಗಿ ಅರಳಿತು. ಯಜಮಾನರು ಕಲೆಯನ್ನು ನೋಡಿದರು, ನನ್ನ ಮುಖ ನೋಡಿದರು. ನಿಮ್ಮ ಪೆನ್ನು ಸೋರುತ್ತಿದೆ, ಎಂದು ಕನಿಕರದಿಂದ ಹೇಳಿ ಬೀಗರ ಕಡೆ ಹೋದರು. ನನ್ನ ಜೇಬಿನಲ್ಲಿ ಪೆನ್ನೇ ಇರಲಿಲ್ಲ.

ಮೇಷ್ಟ್ರು ಕಂಬದ ಪಕ್ಕದಲ್ಲಿ ನಿಂತು ಎಲ್ಲವನ್ನೂ ನೋಡಿದ್ದರು. ಹತ್ತಿರ ಬಂದು ಮೆಲ್ಲಗೆ, "ಊರಿನಲ್ಲಿ ಕಾರ್ಡನ್ನು ಪನ್ನೀರಿಗೆ ಹಿಡಿದವರು ನೀವೊಬ್ಬರೇ. ನಿಮಗೂ ಒಂದು 'ದಿ' ಹಾಕಬಹುದು. ಬನ್ನಿ, ಎಲೆ ಹಾಕಿದ್ದಾರೆ," ಎಂದರು.

ಆ ವಿಷಯ ಅವರ ಬಾಯಿಂದ ಮತ್ತೆ ಬರಲಿಲ್ಲ. ಮದುವೆಯ ಮಾರನೆಯ ದಿನ ಚಿಕ್ಕಣ್ಣ ಪ್ರೂಫು ತಂದ. ಮೇಷ್ಟ್ರು ಅದನ್ನು ಎಂದಿಗಿಂತ ಹೆಚ್ಚು ಕೆಂಪು ಮಾಡಿ ವಾಪಸು ಕೊಟ್ಟ ಮೇಲೆ ಅವನ ಮುಖದಲ್ಲಿ ಜೀವ ಬಂತು. ಈವಯ್ಯ ಯಾವತ್ತು ಉದ್ಧಾರ ಆಗುತ್ತಾನೋ ಎಂದು ಗೊಣಗಿಕೊಂಡು ಹೋದ. ಎಷ್ಟೋ ವರ್ಷ ಹಾಗೇ ನಡೆಯಿತು. ಯಜಮಾನರು ಮತ್ತೆ ಆ ಕುರ್ಚಿಯ ಮಾತೆತ್ತಲಿಲ್ಲ. ಮಗಳ ಮದುವೆಗೆ ಅಷ್ಟು ಲಕೋಟೆ ಬರೆದುಕೊಟ್ಟವರನ್ನು ಏಳಿಸುವುದು ಹೇಗೆ? ಕಣ್ಣು ಮಂಜಾದ ಮೇಲೂ ಮೇಷ್ಟ್ರು ಬರುತ್ತಿದ್ದರು. ಆಗ ಚಿಕ್ಕಣ್ಣ ಒಂದೊಂದೇ ಅಕ್ಷರ ಗಟ್ಟಿಯಾಗಿ ಹೇಳುವನು, ಇವರು ಕಣ್ಣು ಮುಚ್ಚಿ ಕೇಳಿ, ಸರಿಯಾದ ಜಾಗದಲ್ಲಿ 'ಸ್ಸ್' ಎನ್ನುವರು.

ಈಗ ಅವರ ಮಗ ಕಾಗದವನ್ನು ಮೇಜಿನ ಮೇಲಿಟ್ಟು ಹೋಗಿದ್ದಾರೆ. ಚಿಕ್ಕಣ್ಣ ಜೋಡಿಸಿ, ಪ್ರೂಫು ತೆಗೆದು ತಂದ. ತಲೆ ಪೂರ್ತಿ ನರೆತಿದೆ, ಕನ್ನಡಕವೂ ಬಂದಿದೆ. ಅಭ್ಯಾಸಬಲದಿಂದ ಕಿಟಕಿಯವರೆಗೂ ಹೋಗಿ, ತಿರುಗಿ, ನನ್ನ ಮುಂದೆ ಇಟ್ಟ. ನಾನು ಓದಿದೆ. ನನಗೆ ಎಲ್ಲ ಕಡೆಯೂ 'ದಿ' ಬೇಕೆನ್ನಿಸಿತು. ಮತ್ತೊಮ್ಮೆ ಓದಿದರೆ ಎಲ್ಲೂ ಬೇಡವೆನ್ನಿಸಿತು. ಮೇಷ್ಟ್ರ ಕಾರ್ಡಿನಲ್ಲೇ ತಪ್ಪಾದರೆ? ನೋಡುವವರು ಏನೆಂದಾರು? ಅವರೇ ಎಲ್ಲಿಂದಲಾದರೂ ನೋಡುತ್ತಿದ್ದರೆ?

"ಏನ್ ನೋಡ್ತಾ ಕುಂತಿದೀರಿ ಸ್ವಾಮಿ?" ಎಂದ ಚಿಕ್ಕಣ್ಣ. "ಈಗ ಒಸಾ ಮೊಳೆ ಬೇಕಾದಷ್ಟು ಅವೆ. ಎಲ್ಲಾ ಕಡೇನೂ ಆಕ್ಬುಡಾಣ. ಅವರ್ಗೆ ಕಮ್ಮಿ ಮಾಡೋದು ಬ್ಯಾಡ."

ಎಂದವನೇ ಪೆನ್ಸಿಲು ಕಿತ್ತುಕೊಂಡು, ಎಲ್ಲಕ್ಕಿಂತ ಮೊದಲು ದಪ್ಪಕ್ಷರದಲ್ಲಿದ್ದ ಅವರ ಹೆಸರಿನ ಹಿಂದೆ ಗುರುತು ಹಾಕಿದ. ನಾನು ತಡೆದೆ. ಹೆಸರಿಗೆ ಅದು ಬರುವುದಿಲ್ಲ, ಮೇಷ್ಟ್ರೇ ನೂರು ಸಲ ಹೇಳಿದ್ದರಲ್ಲ ಎಂದೆ.

"ಏಳಿದ್ರು, ಕೇಳಿದೀನಿ." ಅವನು ಗುರುತನ್ನು ಅಳಿಸಲಿಲ್ಲ. ಕಿಟಕಿಯ ಕಡೆ ನೋಡುತ್ತ ನಿಂತ. "ಆದ್ರೂ ಪೇಟ ಇಲ್ದೆ ಅವರ್ನ ಎಂಗ್ ಸ್ವಾಮಿ ಕಳ್ಸೋದು?"

ನಾನು ಪ್ರೂಫಿಗೆ ಸಹಿ ಹಾಕಿದೆ.